ಇನ್ನು ಎಂಟೇ ಎಂಟು ಔಟ್ ಇತ್ತು: ಮ್ಯಾರಿನರ್ಸ್ ಅಭಿಮಾನಿಗಳು ಗೋಳು ತೋಡಿಕೊಳ್ಳೋ ಜಾಗ

ಬೋಥೆಲ್ ಭಟ್ರು

ಒಂದು ತಿಂಗಳ ಮೇಲಾಯ್ತು, ಆ ಏಳನೇ ಇನ್ನಿಂಗ್ಸ್ ಇನ್ನೂ ತಲೆಯಿಂದ ಇಳೀತಾ ಇಲ್ಲ ಮಾರಾಯ್ರೆ. ಮನೆಯಲ್ಲಿ ವಿಷಯ ಎತ್ತಿದ್ರೆ ಹೆಂಡತಿ ಎದ್ದು ಒಳಗೆ ಹೋಗ್ತಾಳೆ. ಆಫೀಸಿನವರೆಲ್ಲ ಅಮೆರಿಕನ್ ಫುಟ್‌ಬಾಲ್‌ನ ಸೀಹಾಕ್ಸ್ ಕಡೆ ತಿರುಗಿಯಾಯ್ತು. ಹಾಗಾಗಿ ಇಲ್ಲಿ ಬರೀತಾ ಇದ್ದೇನೆ.

ಆಟ ನೋಡದವರಿಗೆ ಚಿಕ್ಕದಾಗಿ ಹೇಳ್ತೇನೆ. ಮ್ಯಾರಿನರ್ಸ್ ಅಂದ್ರೆ ನಮ್ಮ ಸಿಯಾಟಲ್‌ನ ಬೇಸ್‌ಬಾಲ್ ತಂಡ. 2025ರ ಅಕ್ಟೋಬರ್ 20, ಟೊರಾಂಟೊ, ಅಲ್ಲಿನ ಬ್ಲೂ ಜೇಸ್ ಎದುರು ಅಮೆರಿಕನ್ ಲೀಗ್ ಫೈನಲ್‌ನ ಏಳನೇ ಪಂದ್ಯ. ಗೆದ್ದವರು ವರ್ಲ್ಡ್ ಸೀರೀಸ್‌ಗೆ, ಅಂದ್ರೆ ಕಪ್‌ನ ಕೊನೆಯ ಫೈನಲ್‌ಗೆ. ಆ ಪಂದ್ಯದಲ್ಲಿ ನಾವು 3-1 ರನ್ ಮುಂದೆ. ನಮ್ಮ ಹೂಲಿಯೊ ರೊಡ್ರಿಗೆಸ್ ಒಂದು ಹೋಮ್ ರನ್ (ಕ್ರಿಕೆಟ್‌ನ ಸಿಕ್ಸರ್ ಇದ್ದ ಹಾಗೆ) ಹೊಡೆದಿದ್ದ, ಕ್ಯಾಲ್ ರಾಲಿ ಇನ್ನೊಂದು. ಏಳನೇ ಇನ್ನಿಂಗ್ಸ್‌ನಲ್ಲಿ ಚೆಂಡೆಸೆಯುವ ನಮ್ಮ ಪಿಚರ್ ಬ್ರಯಾನ್ ವೂ ಒಬ್ಬನಿಗೆ ವಾಕ್, ಅಂದ್ರೆ ಪುಕ್ಕಟೆ ಮೊದಲ ಬೇಸ್, ಕೊಟ್ಟ, ಮತ್ತೊಬ್ಬ ಸಿಂಗಲ್ ಹೊಡೆದ, ಮೂರನೆಯವ ಚೆಂಡನ್ನು ಮೆಲ್ಲಗೆ ತಟ್ಟಿ (ಬಂಟ್) ತಾನು ಔಟಾಗಿ ಇಬ್ಬರನ್ನೂ ಒಂದೊಂದು ಬೇಸ್ ಮುಂದೆ ತಳ್ಳಿದ. ಒಂದು ಔಟ್. ಇನ್ನಿಂಗ್ಸ್‌ಗೆ ಮೂರರಂತೆ ಒಂಬತ್ತು ಇನ್ನಿಂಗ್ಸ್ ಮುಗಿಸೋಕೆ ಇನ್ನು ಎಂಟೇ ಔಟ್ ಬಾಕಿ. ಎದುರಿಗೆ ಬಂದದ್ದು ಜಾರ್ಜ್ ಸ್ಪ್ರಿಂಗರ್. ಪಂದ್ಯ ಮುಗಿಸೋಕೆ ಅಂತಲೇ ಇರುವ ಪಿಚರ್, ನಮ್ಮ ಕ್ಲೋಸರ್ ಆಂಡ್ರೆಸ್ ಮುನ್ಯೋಸ್, ಬದಲಿ ಪಿಚರ್‌ಗಳು ಕಾಯುವ ಬುಲ್‌ಪೆನ್‌ನಲ್ಲೇ ಇದ್ದ. ಮ್ಯಾನೇಜರ್ ಡ್ಯಾನ್ ವಿಲ್ಸನ್ ಕರೆದದ್ದು ಎಡ್ವಾರ್ಡ್ ಬಜಾರ್ಡೊನನ್ನು. ಚೆಂಡು ಸೀದಾ ಎಡಗಡೆ ಗ್ಯಾಲರಿಗೆ. ಮೂರು ರನ್. 4-3. ಅಲ್ಲಿಗೆ ಮುಗೀತು.

ತಂಡ ಹುಟ್ಟಿದ್ದು 1977ರಲ್ಲಿ. ಮೂವತ್ತು ತಂಡಗಳಲ್ಲಿ ಒಂದೇ ಒಂದು ಸಲವೂ ವರ್ಲ್ಡ್ ಸೀರೀಸ್ ಆಡದವರು ನಾವೊಬ್ಬರೇ. ಗೆಲ್ಲುವ ಮಾತು ಬಿಡಿ, ಅಲ್ಲಿ ಹೋಗಿ ಸೋಲುವ ಭಾಗ್ಯವೂ ಇಲ್ಲ.

ನನ್ನ ಪ್ರಶ್ನೆ ಎರಡು. ಮುನ್ಯೋಸ್‌ನನ್ನು ಯಾಕೆ ಕರೆಯಲಿಲ್ಲ? ಎರಡನೆಯದು, ನಾಲ್ಕು ಮನೆಯವರು ಸೇರಿ ತಗೊಳ್ಳುವ ಸೀಸನ್ ಟಿಕೆಟ್ ಬರುವ ವರ್ಷಕ್ಕೆ ಮುಂದುವರಿಸೋದಾ, ಬಿಡೋದಾ? ದುಡ್ಡು ಕಟ್ಟುವ ಕಡೇ ದಿನ ಹತ್ತಿರ ಬಂತು.

ಹುಬ್ಬಳ್ಳಿ ಟು ರೆಡ್‌ಮಂಡ್

ಭಟ್ರ, ಮೊದಲನೇ ಪ್ರಶ್ನಿಗೆ ಉತ್ತರ ನಾ ಕೊಡ್ತೇನ್ರಿ. ಮುನ್ಯೋಸ್‌ನ ಕಡೀಕ ಅಂತ ಎತ್ತಿ ಇಟ್ಟಿದ್ರು. ಬಜಾರ್ಡೊ ಏನ್ ಸುಮ್ನ ಬಂದಾಂವ ಅಲ್ಲ, ವರ್ಷಪೂರ್ತಿ ಛಲೋ ಹಾಕ್ಯಾನ. ಖರೆ, ಬೆಂಕಿ ಏಳನೇದ್ರಾಗ ಹತ್ತಿತ್ತು, ಇವ್ರು ನೀರು ಒಂಬತ್ತನೇದಕ್ಕ ಉಳಿಸಿಟ್ಟು ಕುಂತ್ರು. ಆ ಒಂಬತ್ತನೇದು ಬಂದಾಗ ಉಳಿಸಾಕ ಏನೂ ಉಳಿದಿರಲಿಲ್ಲ.

ಎರಡನೇ ಪ್ರಶ್ನಿ ಕೇಳೂದ ತಪ್ಪು. ನೀವು ಬಿಡೂದಿಲ್ಲ ಅಂತ ನಿಮಗೂ ಗೊತ್ತೈತಿ.

ಇಸ್ಸಾಕ್ವಾ ಅಮ್ಮ

ಕೊನೆಯ ಔಟ್ ಮರೆತಿರಾ? ಹೂಲಿಯೊ ಸ್ಟ್ರೈಕ್ ಔಟ್ ಆದಾಗ ಮುಂದಿನ ಸರದಿಗೆ ಬ್ಯಾಟ್ ಹಿಡಿದು ನಿಂತಿದ್ದವನು ರಾಲಿ. ಒಂದೇ ವರ್ಷದಲ್ಲಿ 60 ಹೋಮ್ ರನ್ ಹೊಡೆದವನು. ಇನ್ನೊಬ್ಬ ಬೇಸ್‌ಗೆ ಬಂದಿದ್ದರೆ ಸಾಕಿತ್ತು. ನನ್ನ ಮಗಳು ಟಿವಿ ಮುಂದೆ ಕೂತು "ಅಮ್ಮಾ, ಅವನಿಗೆ ಚಾನ್ಸೇ ಸಿಗಲ್ವಾ?" ಅಂತ ಕೇಳಿದಾಗ ನನ್ನ ಹತ್ತಿರ ಉತ್ತರ ಇರಲಿಲ್ಲ. ಈ ಆಟದಲ್ಲಿ ನಿಮ್ಮ ಅತಿ ದೊಡ್ಡ ಆಟಗಾರನನ್ನು ಬೇಕಾದಾಗ ಕಳಿಸೋಕೆ ಆಗಲ್ಲ, ಅವನ ಪಾಳಿ ಬರೋ ತನಕ ಕಾಯಲೇಬೇಕು. ಅವಳಿಗೆ ಅದನ್ನು ಒಪ್ಪಿಸೋಷ್ಟರಲ್ಲಿ ಮಲಗೋ ಹೊತ್ತು ಮೀರಿತ್ತು.

ಟೊರಾಂಟೊ ಗೌಡ

ಅಣ್ಣೋರೆ, ನಿಮಗೆ ಎಂಟು ಔಟು. ನಮಗೆ ಎರಡೇ ಎರಡು ಔಟು ಕಣಣ್ಣ!

ನಿಮ್ಮನ್ನ ಸೋಲಿಸಿ ವರ್ಲ್ಡ್ ಸೀರೀಸ್‌ಗೆ ಹೋದ್ವಲ್ಲ. ನವೆಂಬರ್ 1, ಅದೂ ಏಳನೇ ಪಂದ್ಯ, ಅದೂ ನಮ್ಮೂರಲ್ಲೇ. ಒಂಬತ್ತನೇ ಇನ್ನಿಂಗ್ಸ್‌ನಲ್ಲಿ 4-3 ಮುಂದಿದ್ವಿ. ನಿಮ್ಮ ಹೂಲಿಯೊನ ಔಟ್ ಮಾಡಿದ್ನಲ್ಲ ಜೆಫ್ ಹಾಫ್‌ಮನ್, ಅವನೇ ಎಸೀತಿದ್ದ. ಲಾಸ್ ಏಂಜಲೀಸ್ ಡಾಜರ್ಸ್‌ನ ಮಿಗೆಲ್ ರೋಹಾಸ್ ಅನ್ನೋನು, ಹೋಮ್ ರನ್ ಹೊಡೀತಾನೆ ಅಂತ ಯಾರೂ ಕನಸಲ್ಲೂ ನೆನೆಸದವನು, ಎತ್ತಿ ಆಚೆಗೆ ಹಾಕ್ಬುಟ್ಟ. ಆಮೇಲೆ ನಮ್ಮ ಪಾಳಿಲಿ ಬೇಸ್ ಎಲ್ಲಾ ತುಂಬಿದ್ರೂ ಹೋಮ್ ಪ್ಲೇಟ್‌ನಲ್ಲಿ ಕೂದಲೆಳೆ ಅಂತರದಲ್ಲಿ ಔಟು. ಹನ್ನೊಂದನೇದ್ರಲ್ಲಿ ವಿಲ್ ಸ್ಮಿತ್ ಹೊಡೆದು 5-4. ಡಾಜರ್ಸ್ ಕಪ್ ಎತ್ಕೊಂಡು ಲಾಸ್ ಏಂಜಲೀಸ್‌ಗೆ ಹೋದ್ರು.

ನಿಮ್ಮ ಶಾಪ ತಟ್ತು ಅಂತ ನಮ್ಮ ಮನೆಯವಳು ಈಗಲೂ ಹೇಳ್ತಾವ್ಳೆ.

ಹುಬ್ಬಳ್ಳಿ ಟು ರೆಡ್‌ಮಂಡ್

ಗೌಡ್ರ, ನಿಮಗ 1992, 1993 ಎರಡು ಕಪ್ ಆದಾವ. ಬಾಯಿ ಮುಚ್ಕೊಂಡು ಕುಂದ್ರಿ.

ಟೊರಾಂಟೊ ಗೌಡ

ಆವಾಗ ನಾನು ಮಂಡ್ಯದಲ್ಲಿ ಹೈಸ್ಕೂಲ್ ಓದ್ತಿದ್ದೆ ಸಾ. ಅದು ನನ್ನ ಲೆಕ್ಕಕ್ಕೆ ಬರಾಕಿಲ್ಲ.

ಕಿಂಗ್‌ಡೋಮ್ ಅಜ್ಜ

ನಾನು ಎವರೆಟ್‌ನ ವಿಮಾನ ಕಾರ್ಖಾನೆಯಲ್ಲಿ ಕೆಲಸ ಮಾಡಿ ನಿವೃತ್ತನಾದವನು. ಹುಡುಗರ ಗೋಳು ಕೇಳಿ ನಗು ಬರುತ್ತದೆ, ಕನಿಕರವೂ ಬರುತ್ತದೆ.

ಕಾಯುವುದರಲ್ಲಿ ನೀವೇ ಮೊದಲಿಗರಲ್ಲ. ಡೇವ್ ನೀಹಾಸ್ ಎಂಬ ವೀಕ್ಷಕ ವಿವರಣೆಗಾರರಿದ್ದರು. 1977ರ ಮೊದಲ ಪಂದ್ಯದಿಂದ 2010ರಲ್ಲಿ ತೀರಿಕೊಳ್ಳುವವರೆಗೆ ರೇಡಿಯೊದಲ್ಲಿ ಅವರದೇ ದನಿ. ತಮ್ಮ ತಂಡದ ಒಂದು ವರ್ಲ್ಡ್ ಸೀರೀಸ್ ಪಂದ್ಯವನ್ನೂ ಹೇಳುವ ಯೋಗ ಅವರಿಗೆ ಬರಲಿಲ್ಲ. ಫೆಲಿಕ್ಸ್ ಹೆರ್ನಾಂಡೆಸ್ 2005ರಿಂದ 2019ರವರೆಗೆ ಇಲ್ಲೇ ಎಸೆದ. 2012ರಲ್ಲಿ ಒಬ್ಬನನ್ನೂ ಬೇಸ್ ಮುಟ್ಟಗೊಡದೆ ಪರ್ಫೆಕ್ಟ್ ಗೇಮ್ ಹಾಕಿದ. ಅವನು ಪ್ಲೇಆಫ್‌ನಲ್ಲಿ ಒಂದೇ ಒಂದು ಚೆಂಡು ಎಸೆಯಲಿಲ್ಲ. ಬೇರೆ ಊರಿಗೆ ಹೋಗಬಹುದಿತ್ತು, ಹೋಗಲಿಲ್ಲ. 2001ರಲ್ಲಿ 116 ಪಂದ್ಯ ಗೆದ್ದೆವು, 1906ರ ಶಿಕಾಗೊ ಕಬ್ಸ್ ದಾಖಲೆಗೆ ಸಮ. ಜಪಾನಿನ ಆಟಗಾರ ಇಚಿರೊ ಬಂದ ಮೊದಲ ವರ್ಷ ಅದು. ನ್ಯೂಯಾರ್ಕ್‌ನ ಯಾಂಕೀಸ್ ನಮ್ಮನ್ನು ಐದೇ ಪಂದ್ಯದಲ್ಲಿ ಮನೆಗೆ ಕಳಿಸಿದರು. ಆಮೇಲೆ 2022ರವರೆಗೆ ಪ್ಲೇಆಫ್ ಬಾಗಿಲನ್ನೇ ಕಾಣಲಿಲ್ಲ.

ಇನ್ನು 1995. ಅದನ್ನು ಕಣ್ಣಾರೆ ಕಂಡವರು ಈ ಗುಂಪಿನಲ್ಲಿ ನಾನೊಬ್ಬನೇ ಇರಬೇಕು. ಕಿಂಗ್‌ಡೋಮ್ ಎಂದರೆ ತಂಡದ ಹಳೆಯ ಕ್ರೀಡಾಂಗಣ, ಸಿಮೆಂಟಿನ ದೊಡ್ಡ ಗುಮ್ಮಟ. ಹಿಂದಿನ ವರ್ಷವಷ್ಟೇ ಅದರ ಚಾವಣಿಯ ಹೆಂಚುಗಳು ಕಳಚಿ ಬಿದ್ದು ತಂಡ ಊರೂರು ಅಲೆದಿತ್ತು. ಮಾಲೀಕರು ಹೊಸ ಕ್ರೀಡಾಂಗಣ ಬೇಕೆಂದು ಕೂತಿದ್ದರು. ಸೆಪ್ಟೆಂಬರ್‌ನಲ್ಲಿ ಅದರ ತೆರಿಗೆಗೆ ಜನ ಕೂದಲೆಳೆಯಲ್ಲಿ ಬೇಡವೆಂದು ಮತ ಹಾಕಿದರು. ತಂಡ ಊರು ಬಿಡುವುದು ಖಚಿತವೆಂದೇ ಮಾತು. ಆಗಸ್ಟ್‌ನಲ್ಲಿ ಏಂಜಲ್ಸ್‌ಗಿಂತ 13 ಪಂದ್ಯ ಹಿಂದಿದ್ದ ಅದೇ ತಂಡ ಒಂದೊಂದೇ ಗೆಲ್ಲುತ್ತಾ ಬಂತು. ಕಡೆಗೆ ಅಕ್ಟೋಬರ್ 8ರ ರಾತ್ರಿ, ಯಾಂಕೀಸ್ ಎದುರು ಐದನೇ ಪಂದ್ಯದ ಹನ್ನೊಂದನೇ ಇನ್ನಿಂಗ್ಸ್, ಒಂದು ರನ್ ಹಿಂದೆ. ಜೋಯಿ ಕೋರಾ ಬಂಟ್ ಮಾಡಿ ಬದುಕಿದ, ಕೆನ್ ಗ್ರಿಫಿ ಸಿಂಗಲ್ ಹೊಡೆದ, ಎಡ್ಗರ್ ಮಾರ್ಟಿನೆಸ್ ಎಡಗಡೆ ಗೆರೆಯುದ್ದಕ್ಕೂ ಡಬಲ್ ಬಾರಿಸಿದ. ಗ್ರಿಫಿ ಮೊದಲ ಬೇಸ್‌ನಿಂದ ಹೊರಟವನು ನಿಲ್ಲಲೇ ಇಲ್ಲ, ಓಡಿ ಬಂದು ಪ್ಲೇಟ್‌ಗೆ ಜಾರಿದ. ಅವನ ಮೇಲೆ ಇಡೀ ತಂಡ ಬಿತ್ತು, ಅಡಿಯಲ್ಲಿ ಅವನ ನಗುಮುಖ ಮಾತ್ರ ಕಾಣುತ್ತಿತ್ತು. ನಮ್ಮ ಕಾಲ ಕೆಳಗೆ ಕಾಂಕ್ರೀಟ್ ನಡುಗುತ್ತಿತ್ತು. ಆ ತಿಂಗಳೇ ಶಾಸನಸಭೆ ಸೇರಿ ಹೊಸ ಕ್ರೀಡಾಂಗಣಕ್ಕೆ ಹಣ ಒಪ್ಪಿತು.

ಆ ವರ್ಷವೂ ವರ್ಲ್ಡ್ ಸೀರೀಸ್‌ಗೆ ಹೋಗಲಿಲ್ಲ, ಮುಂದಿನ ಸುತ್ತಿನಲ್ಲಿ ಕ್ಲೀವ್‌ಲ್ಯಾಂಡ್‌ಗೆ ಸೋತೆವು. ಆದರೆ ನೀವಿಂದು ಗೋಳಾಡುವುದಕ್ಕೆ ಊರಲ್ಲೊಂದು ತಂಡ ಉಳಿದಿದೆಯಲ್ಲ, ಅದು ಆ ರಾತ್ರಿಯಿಂದ.

ಫ್ರೀಮಾಂಟ್ ನಳಿನಿ

ಅಜ್ಜ ಹೇಳಿದ ಕೊನೆಯ ವಾಕ್ಯ ಓದಿ ಬರೆಯದೆ ಇರಲಾಗಲಿಲ್ಲ. ನಾನು ಓಕ್‌ಲ್ಯಾಂಡ್ ಎ'ಸ್ ಅಭಿಮಾನಿ. ಇದ್ದೆ ಅನ್ನಬೇಕೋ ಇದ್ದೇನೆ ಅನ್ನಬೇಕೋ, ನೀವೇ ಹೇಳಿ.

1968ರಿಂದ ಓಕ್‌ಲ್ಯಾಂಡ್‌ನಲ್ಲಿದ್ದ ತಂಡ. ನಾಲ್ಕು ವರ್ಲ್ಡ್ ಸೀರೀಸ್ ಗೆದ್ದಿದೆ. ನಮಗೂ ಹೊಸ ಕ್ರೀಡಾಂಗಣದ ಮಾತು ವರ್ಷಗಟ್ಟಲೆ ನಡೆಯಿತು. ಒಳ್ಳೆಯ ಆಟಗಾರರನ್ನೆಲ್ಲ ಒಬ್ಬೊಬ್ಬರಾಗಿ ಮಾರಿದರು, ಟಿಕೆಟ್ ದರ ಏರಿಸಿದರು, ಆಮೇಲೆ ಜನ ಬರುತ್ತಿಲ್ಲ ಎಂದು ಕಾರಣ ಕೊಟ್ಟರು. 2023ರ ಜೂನ್ 13ರಂದು ಅಭಿಮಾನಿಗಳೇ ಸೇರಿ ಉಲ್ಟಾ ಬಹಿಷ್ಕಾರ ಮಾಡಿದೆವು. ಬಹಿಷ್ಕಾರ ಅಂದರೆ ಬಾರದೆ ಇರುವುದಲ್ಲ, ಎಲ್ಲರೂ ಬರುವುದು! 27 ಸಾವಿರಕ್ಕೂ ಹೆಚ್ಚು ಜನ. ಹಸಿರು ಅಂಗಿಯ ಮೇಲೆ ಮಾಲೀಕರಿಗೆ ಒಂದೇ ಪದ: ಮಾರಿ. ಬಲಗಡೆ ಗ್ಯಾಲರಿಯಲ್ಲಿ ಡ್ರಮ್ ಬಾರಿಸುತ್ತಲೇ ಇದ್ದರು. ಅಂದು ಪಂದ್ಯವನ್ನೂ ಗೆದ್ದೆವು. ಏನೂ ಬದಲಾಗಲಿಲ್ಲ.

2024ರ ಸೆಪ್ಟೆಂಬರ್ 26, ನಮ್ಮ ಕ್ರೀಡಾಂಗಣ ಕಾಲಿಸಿಯಂನಲ್ಲಿ ಕೊನೆಯ ಪಂದ್ಯ. ನನ್ನ ಪಕ್ಕ ಕೂತಿದ್ದ ಹಿರಿಯರೊಬ್ಬರು ಮುಗಿದ ಮೇಲೆ ಪ್ಲಾಸ್ಟಿಕ್ ಲೋಟದಲ್ಲಿ ಮೈದಾನದ ಮಣ್ಣು ತುಂಬಿಸಿಕೊಂಡು ಹೋದರು. ಈಗ ತಂಡ ಸ್ಯಾಕ್ರಮೆಂಟೊ ಪಕ್ಕದ ಒಂದು ಪುಟ್ಟ ಮೈದಾನದಲ್ಲಿದೆ, ಹೆಸರಿನ ಹಿಂದೆ ಊರೇ ಇಲ್ಲ. 2028ಕ್ಕೆ ಲಾಸ್ ವೇಗಸ್ ಎನ್ನುತ್ತಾರೆ.

ಹಾಗಾಗಿ ಭಟ್ರೇ, ಏಳನೇ ಪಂದ್ಯ ಸೋತ ನೋವು ನನಗೆ ಒಂದು ಸಲ ಕೊಡಿಸಿ. ಸಂತೋಷದಿಂದ ಅಳುತ್ತೇನೆ.

ಬೋಥೆಲ್ ಭಟ್ರು

ನಳಿನಿ ಅವರೇ, ಇದಕ್ಕೆ ನಾನೇನು ಹೇಳಲಿ. ಸಿಯಾಟಲ್‌ಗೂ ಈ ಗಾಯ ಗೊತ್ತು. 1969ರಲ್ಲಿ ಪೈಲಟ್ಸ್ ಅಂತ ಒಂದು ತಂಡ ಬಂದು ಒಂದೇ ವರ್ಷಕ್ಕೆ ಮಿಲ್ವಾಕಿಗೆ ಹೋಯ್ತು. 2008ರಲ್ಲಿ ಬಾಸ್ಕೆಟ್‌ಬಾಲ್‌ನ ಸಾನಿಕ್ಸ್‌ನ ಒಕ್ಲಹೋಮಾಗೆ ಕರೆದುಕೊಂಡು ಹೋದ್ರು. ಹಸಿರು ಹಳದಿ ಟೋಪಿ ಇನ್ನೂ ಹಾಕುವವರು ನಮ್ಮ ಬೀದಿಯಲ್ಲೇ ಇದ್ದಾರೆ.

ಈಗ ಯಾರ ಆಟ ನೋಡ್ತೀರಿ?

ಫ್ರೀಮಾಂಟ್ ನಳಿನಿ

ಓಕ್‌ಲ್ಯಾಂಡ್ ಬ್ಯಾಲರ್ಸ್. ಚಿಕ್ಕ ಲೀಗ್, ಚಿಕ್ಕ ಮೈದಾನ, 2024ರಲ್ಲಿ ಶುರುವಾದ ತಂಡ. ಅಭಿಮಾನಿಗಳಿಗೂ ಷೇರು ಮಾರಿದ್ದಾರೆ. ಕಾಲಿಸಿಯಂನ ಅದೇ ಡ್ರಮ್‌ನವರು ಅಲ್ಲೂ ಬರುತ್ತಾರೆ. ಈ ವರ್ಷ ಲೀಗ್ ಗೆದ್ದೆವು, ಎರಡನೇ ವರ್ಷಕ್ಕೇ! ದೊಡ್ಡ ಲೀಗ್‌ನ ಆಟವಲ್ಲ, ನನಗೂ ಗೊತ್ತು. ಆದರೆ ಇದು ರಾತ್ರೋರಾತ್ರಿ ಗಂಟು ಕಟ್ಟಿಕೊಂಡು ಓಡುವುದಿಲ್ಲ ಎಂಬ ಧೈರ್ಯ ಇದೆ.

ಸುಮ್ನೆ ಬಂದೋನು

ಕ್ಷಮಿಸಿ, ಮಧ್ಯೆ ಬಾಯಿ ಹಾಕ್ತೀನಿ. ಫುಲ್ ಟಾಸ್ ಹೊಡೆಯೋ ಆಟಕ್ಕೆ ಇಷ್ಟು ಕಣ್ಣೀರಾ? ವರ್ಷಕ್ಕೆ 162 ಪಂದ್ಯ ಅಂತೆ. ಯಾರಿಗೆ ಪುರುಸೊತ್ತು?

ಇಸ್ಸಾಕ್ವಾ ಅಮ್ಮ

ಆ ಫುಲ್ ಟಾಸ್ ಗಂಟೆಗೆ 160 ಕಿಲೋಮೀಟರ್ ವೇಗದಲ್ಲಿ ಬಂದು ಕೊನೇ ಗಳಿಗೆಯಲ್ಲಿ ತಿರುಗುತ್ತೆ. ಒಂದು ದಿನ ನಿಂತು ನೋಡಿ.

162ರ ಬಗ್ಗೆ ಮಾತ್ರ ಹೇಳಲೇಬೇಕು, ನನ್ನನ್ನು ಹಿಡಿದಿಟ್ಟಿರೋದೇ ಅದು. ಸೋತ ಮರುದಿನವೇ ಇನ್ನೊಂದು ಪಂದ್ಯ ಇರುತ್ತೆ. ಸಂಜೆ ಆರೂವರೆ ಏಳಕ್ಕೆ ಶುರು, ನಾನು ಚಪಾತಿ ಲಟ್ಟಿಸುವಾಗ ರೇಡಿಯೊ ಹಾಕಿರ್ತೀನಿ. ಮೂರನೇ ಇನ್ನಿಂಗ್ಸ್‌ಗೆ ಊಟ, ಆರನೆಯದಕ್ಕೆ ಪಾತ್ರೆ. ಟಿವಿ ಕಥೆ ಕೇಳಬೇಡಿ, ಯಾವ ಪಂದ್ಯ ಯಾವ ಆ್ಯಪ್‌ನಲ್ಲಿ ಅಂತ ಹುಡುಕೋಷ್ಟರಲ್ಲಿ ಎರಡು ಇನ್ನಿಂಗ್ಸ್ ಮುಗಿದಿರುತ್ತೆ. ಈ ದೇಶಕ್ಕೆ ಬಂದ ಹೊಸದರಲ್ಲಿ, ಮಳೆಗಾಲ ಮುಗಿಯದ ಆ ಏಪ್ರಿಲ್‌ನಲ್ಲಿ, ಮನೆಯಲ್ಲಿ ನನ್ನ ಜೊತೆ ಮಾತಾಡ್ತಿದ್ದದ್ದು ಆ ರೇಡಿಯೊ ಒಂದೇ. ತಂಡ ಆಗ ಕೆಟ್ಟದಾಗಿ ಸೋಲ್ತಿತ್ತು. ಸೋತರೂ ಮಾರನೇ ದಿನ ಸರಿಯಾದ ಹೊತ್ತಿಗೆ ಬರ್ತಿತ್ತು.

ಜಯನಗರದಿಂದ

ಸಿಯಾಟಲ್‌ನಲ್ಲಿರೋ ಅಕ್ಕನ ದೆಸೆಯಿಂದ ಈ ಗುಂಪಿನಲ್ಲಿದ್ದೀನಿ, ಬೇಸ್‌ಬಾಲ್ ಅಷ್ಟಕ್ಕಷ್ಟೇ. ಆದರೆ ಕಾಯೋ ವಿಷಯಕ್ಕೆ ಆರ್‌ಸಿಬಿಯವರನ್ನು ಬಿಟ್ಟು ಮಾತಾಡ್ತೀರಲ್ಲ ಗುರು! 2009, 2011, 2016, ಮೂರು ಫೈನಲ್ ಸೋತವರು ನಾವು. 49ಕ್ಕೆ ಆಲ್ ಔಟ್ ಆದವರು ನಾವು. ಪ್ರತಿ ವರ್ಷ "ಈ ಸಲ ಕಪ್ ನಮ್ದೇ" ಅಂತ ಹೇಳಿ, ಬೇರೆ ಊರಿನವರು ಅದನ್ನೇ ಹಿಡ್ಕೊಂಡು ಆಡಿಕೊಂಡರೂ ಮುಂದಿನ ವರ್ಷ ಮತ್ತೆ ಹೇಳಿದವರು ನಾವು. ಈ ವರ್ಷ ಜೂನ್ 3, ಅಹಮದಾಬಾದ್, ಪಂಜಾಬ್ ಮೇಲೆ 6 ರನ್. ಕೊನೇ ಓವರ್ ಮುಗಿಯೋಕೆ ಮುಂಚೆನೇ ಕೊಹ್ಲಿ ಕಣ್ಣಲ್ಲಿ ನೀರು. ನಮ್ಮ ಅಪ್ಪ, ಮದುವೆಯಲ್ಲೂ ಕುಣಿಯದವರು, ಬಾಲ್ಕನಿಗೆ ಬಂದು ತಟ್ಟೆ ಬಡಿದರು.

ಮಾರನೇ ದಿನ ಚಿನ್ನಸ್ವಾಮಿ ಹೊರಗೆ ಕಾಲ್ತುಳಿತದಲ್ಲಿ 11 ಜನ ಹೋದರು. ಹದಿನೆಂಟು ವರ್ಷ ಕಾದ ಖುಷಿ ಒಂದು ಪೂರ್ತಿ ದಿನವೂ ಉಳಿಯಲಿಲ್ಲ. ಅಪ್ಪ ಆಮೇಲೆ ಹೈಲೈಟ್ಸ್ ಹಾಕಿಲ್ಲ, ನಾನೂ ಹಾಕಿಲ್ಲ. ನಿಮ್ಮೂರಲ್ಲಿ ಕಪ್ ಬಂದ ದಿನ ಬೀದಿಗೆ ಬರೋರನ್ನು ಜೋಪಾನ ಮಾಡೋ ಯೋಚನೆ ಮೊದಲೇ ಮಾಡಿಟ್ಟಿರಲಿ, ಅಷ್ಟೇ.

ಕಿಂಗ್‌ಡೋಮ್ ಅಜ್ಜ

ಆ ಸುದ್ದಿ ಇಲ್ಲಿ ಬೆಳಗಿನ ಕಾಫಿ ಹೊತ್ತಿಗೆ ಬಂತು. ಇಡೀ ದಿನ ಯಾರಿಗೂ ಫೋನ್ ಮಾಡುವ ಮನಸ್ಸಾಗಲಿಲ್ಲ.

ಹುಬ್ಬಳ್ಳಿ ಟು ರೆಡ್‌ಮಂಡ್

ನಾ ಒಂದು ಮಾತು ಹೇಳಾಂವ ಇದ್ದೆ, ಹೇಳಿಬಿಡ್ತೇನಿ. ಐದನೇ ಪಂದ್ಯ, ಸಿಯಾಟಲ್‌ನ್ಯಾಗ, ಅಕ್ಟೋಬರ್ 17. ನಾ ಮ್ಯಾಲಿನ ಗ್ಯಾಲರ್‍ಯಾಗ ಇದ್ದೆ. ವೂ ಎಸೆದ ಚೆಂಡು ಸ್ಪ್ರಿಂಗರ್‌ನ ಮೊಣಕಾಲಿಗೆ ಬಡೀತು, ಆಂವ ನೆಲಕ್ಕ ಬಿದ್ದು ಒದ್ದಾಡ್ಲಿಕ್ಕತ್ತಿದ್ದ. ನಮ್ಮ ಮಂದಿ ಹೋ ಅಂತ ಕೂಗಿದ್ರು, ಛೀಮಾರಿ ಹಾಕಿದ್ರು. ಆಂವ ಕುಂಟಿಕೋತ ಹೊರಗ ಹೋದ. ಅದ ಮನಷ್ಯಾ ಮೂರು ದಿನ ಬಿಟ್ಟು ನಮ್ಮ ಕನಸಿನ ಮ್ಯಾಲ ಹೊಡೆದ. ಇದಕ್ಕ ಏನಂತೀರಿ?

ಬೋಥೆಲ್ ಭಟ್ರು

ಅವನ ಮೇಲೆ ಸಿಟ್ಟು ಸುಮ್ನೆ ಅಲ್ಲ. 2017ರಲ್ಲಿ ಹ್ಯೂಸ್ಟನ್‌ನವರು ಕ್ಯಾಮೆರಾ ಇಟ್ಟು ಎದುರಾಳಿ ಕ್ಯಾಚರ್‌ನ ಸನ್ನೆ ಕದ್ದು, ಕಸದ ಡಬ್ಬಿ ಬಡಿದು ಯಾವ ಎಸೆತ ಬರುತ್ತೆ ಅಂತ ತಮ್ಮ ಬ್ಯಾಟರ್‌ಗೆ ಹೇಳ್ತಿದ್ರು. ಲೀಗ್‌ನವರೇ ತನಿಖೆ ಮಾಡಿ ದಂಡ ಹಾಕಿದ್ದು. ಆ ವರ್ಷ ವರ್ಲ್ಡ್ ಸೀರೀಸ್‌ನ ಶ್ರೇಷ್ಠ ಆಟಗಾರ ಇದೇ ಸ್ಪ್ರಿಂಗರ್.

ಇಸ್ಸಾಕ್ವಾ ಅಮ್ಮ

ಇರಲಿ ಭಟ್ರೇ. ಬ್ಯಾಟ್ ಹಿಡಿದು ಬಂದಾಗ ಕೂಗಿ, ಗಂಟಲು ಹರಿಯೋ ತನಕ ಕೂಗಿ. ಬಿದ್ದವನನ್ನು ನೋಡಿ ಕೂಗೋದು ಬೇರೆ. ಮಕ್ಕಳು ಪಕ್ಕದಲ್ಲಿ ಕೂತಿರ್ತವೆ.

ಅದೇ ರಾತ್ರಿ ಎಂಟನೇ ಇನ್ನಿಂಗ್ಸ್‌ನಲ್ಲಿ ರಾಲಿ ಸಮ ಮಾಡಿ, ಸ್ವಾರೆಸ್ ಗ್ರ್ಯಾಂಡ್ ಸ್ಲ್ಯಾಮ್ (ಬೇಸ್ ಎಲ್ಲಾ ತುಂಬಿದಾಗಿನ ಹೋಮ್ ರನ್) ಹೊಡೆದನಲ್ಲ, ಜನ ನೆನಪಿಡಬೇಕಾದದ್ದು ಅದು. ಈಗ ಇದೇ ಮೇಲೆ ಬಂದು ಕೂತಿದೆ.

ಹುಬ್ಬಳ್ಳಿ ಟು ರೆಡ್‌ಮಂಡ್

ಸರಿ ಅಕ್ಕಾರ. ಆದ್ರ ಮಾಟದ ವಿಷಯ ಯಾರೂ ಎತ್ತಲಿಲ್ಲಲ್ಲ? ಸೆಪ್ಟೆಂಬರ್‌ನ್ಯಾಗ ಸೋತು ಸೋತು ಸುಣ್ಣ ಆಗಿದ್ವಿ. ಒಬ್ಬ ಅಭಿಮಾನಿ ಆನ್‌ಲೈನ್ ಅಂಗಡ್ಯಾಗ ರೊಕ್ಕ ಕೊಟ್ಟು ಮಾಟಗಾತಿ ಕಡೆಯಿಂದ ಮಂತ್ರ ಹಾಕಿಸಿದ. ಸಾಲಾಗಿ ಹತ್ತು ಪಂದ್ಯ ಗೆದ್ವಿ! 2001ರ ಮ್ಯಾಲ ಮೊದಲ ಸಲ ಡಿವಿಜನ್ ಗೆದ್ವಿ!

ಟೊರಾಂಟೊ ಗೌಡ

ಆನ್‌ಲೈನ್ ಮಾಲಿಗೆ ವಾರಂಟಿ ಇರಾಕಿಲ್ಲ ಸಾ. ಕೊಳ್ಳೇಗಾಲಕ್ಕೆ ಹೋಗ್ಬೇಕಿತ್ತು.

ಇಸ್ಸಾಕ್ವಾ ಅಮ್ಮ

ನನ್ನ ಮಗಳ ಪ್ರಕಾರ ಎಲ್ಲಾ ಹಂಪಿಯ ಮಹಿಮೆ. ನಮ್ಮ ಹಂಪಿ ಅಲ್ಲ, ಸಾಲ್ಮನ್ ಮೀನಿನ ವೇಷದ ಹಂಪಿ. ಪಂದ್ಯದ ಮಧ್ಯೆ ನಾಲ್ಕು ಮೀನುಗಳ ಓಟ ಇರುತ್ತಲ್ಲ, ಅದರಲ್ಲಿ ಹಂಪಿ ಒಂದು ಸಲವೂ ಗೆದ್ದಿರಲಿಲ್ಲ. ಡೆಟ್ರಾಯಿಟ್ ಎದುರಿನ ಐದನೇ ಪಂದ್ಯದ ದಿನ ಮೊದಲ ಸಲ ಗೆದ್ದ. ಆ ಪಂದ್ಯ ಹದಿನೈದು ಇನ್ನಿಂಗ್ಸ್ ಹೋಗಿ ಪೊಲಾಂಕೊ ಸಿಂಗಲ್‌ನಲ್ಲಿ ನಾವೂ ಗೆದ್ದೆವು. ಸುಮಾರು ಐದು ಗಂಟೆ. ಅವಳು ಆ ಮೀನಿನ ಟೋಪಿ ತೆಗೆಯದೆ ಕೂತಿದ್ದಳು.

ಸುಮ್ನೆ ಬಂದೋನು

ಮೀನಿನ ಓಟ, ಮಾಟ, ಹದಿನೈದು ಇನ್ನಿಂಗ್ಸ್. ಸರಿ, ಒಂದು ಪಂದ್ಯ ನೋಡ್ತೀನಿ. ಆ ಕ್ರೀಡಾಂಗಣದಲ್ಲಿ ಹುರಿದ ಮಿಡತೆ ಮಾರ್ತಾರಂತೆ, ನಿಜಾನಾ?

ಬೋಥೆಲ್ ಭಟ್ರು

ನಿಜ. ನಮಗೆ ಬೆಳ್ಳುಳ್ಳಿ ಹಾಕಿದ ಆಲೂ ಫ್ರೈಸ್ ಇದೆ, ಹೆದರಬೇಡಿ.

ಇನ್ನು ನನ್ನ ಮಾತು. ನನಗೆ ಸೋಲಿಗಿಂತ ಹೆಚ್ಚು ಉರಿಯೋದು ಲೆಕ್ಕಾಚಾರ. 2023ರಲ್ಲಿ ಒಂದೇ ಒಂದು ಪಂದ್ಯದಿಂದ ಪ್ಲೇಆಫ್ ತಪ್ಪಿತು. ಆಗ ತಂಡದ ಮುಖ್ಯಸ್ಥ ಜೆರ್ರಿ ಡಿಪೋಟೊ, ಹತ್ತು ವರ್ಷದಲ್ಲಿ ಶೇ. 54ರಷ್ಟು ಪಂದ್ಯ ಗೆದ್ದರೆ ಸಾಕು ಅನ್ನುವ ಅರ್ಥದಲ್ಲಿ ಮಾತಾಡಿದ್ರು. ಲೆಕ್ಕ ತಪ್ಪಲ್ಲ, ಆದರೆ ನಾವು ಶೇ. 54ಕ್ಕೆ ಗಂಟಲು ಹರ್ಕೊಳ್ಳೋದಾ? 2024ರಲ್ಲಿ ಮತ್ತೆ ಒಂದೇ ಪಂದ್ಯದಿಂದ ತಪ್ಪಿತು. ಆ ಎರಡು ಚಳಿಗಾಲದಲ್ಲಿ ದುಡ್ಡು ಬಿಚ್ಚಿದ್ದರೆ ಅನ್ನುವ ಪ್ರಶ್ನೆ ನನ್ನ ಪಾಲಿಗೆ ಸಾಯೋದಿಲ್ಲ. ಈ ವರ್ಷ ಜುಲೈನಲ್ಲಿ ನೇಲರ್, ಸ್ವಾರೆಸ್ ಇಬ್ಬರನ್ನೂ ತಂದ್ರು, ಏನಾಯ್ತು ನೋಡಿದ್ರಲ್ಲ. ಈಗ ನೇಲರ್‌ನ ಐದು ವರ್ಷಕ್ಕೆ 92.5 ಮಿಲಿಯನ್ ಡಾಲರ್ ಕೊಟ್ಟು ಉಳಿಸಿಕೊಂಡಿದ್ದಾರೆ. ಪ್ಲೇಆಫ್ ಗಿಜಿಗಿಜಿ ಮುಗಿದ ಮೇಲೆ ನನಗೆ ಸಿಕ್ಕ ಮೊದಲ ಒಳ್ಳೇ ಸುದ್ದಿ.

ಫ್ರೀಮಾಂಟ್ ನಳಿನಿ

ಆ ಸಾಲು ಓದುವಾಗ ಹೊಟ್ಟೆ ಉರಿಯಿತು. ನಮ್ಮಲ್ಲಿ ಈ ಹೊತ್ತಿಗೆ ಅವನನ್ನು ಮಾರಿ ಇಬ್ಬರು ಹತ್ತೊಂಬತ್ತರ ಹುಡುಗರನ್ನು ತಂದಿರುತ್ತಿದ್ದರು.

ಹುಬ್ಬಳ್ಳಿ ಟು ರೆಡ್‌ಮಂಡ್

ರಾಲಿಗೆ ಎಂವಿಪಿ, ಅಂದ್ರ ವರ್ಷದ ಶ್ರೇಷ್ಠ ಆಟಗಾರ ಪ್ರಶಸ್ತಿ, ಕೊಡಲಿಲ್ಲ, ಅದೂ ಬರಕೋರಿ. ಕ್ಯಾಚರ್ ಆಗಿ, ದಿನಾ ಮೊಣಕಾಲ ಮ್ಯಾಲ ಕುಂತು ಎದ್ದು, ಗ್ರಿಫಿಯ 56 ದಾಟಿ, ಕ್ಯಾಚರ್‌ಗಳ ದಾಖಲೆ 48 ಇತ್ತು ಅದನ್ನೂ ದಾಟಿ 60 ಹೊಡೆದ. ಮೊದಲ ಸ್ಥಾನದ ಮತ ಯಾಂಕೀಸ್‌ನ ಆರನ್ ಜಡ್ಜ್‌ಗೆ 17, ರಾಲಿಗೆ 13. ಯಾಂಕೀಸ್ ಅಂದ್ರ ಯಾಂಕೀಸ್.

ಕಿಂಗ್‌ಡೋಮ್ ಅಜ್ಜ

ಆರನ್ ಜಡ್ಜ್ ಕೂಡ ಅಸಾಮಾನ್ಯ ಆಟಗಾರನೇ ಕಣಪ್ಪ. ಯಾಂಕೀಸ್ ಎಂದಕೂಡಲೇ ನ್ಯಾಯ ಬಿಟ್ಟು ಮಾತಾಡಬಾರದು. ಇಷ್ಟಾಗಿಯೂ ನನ್ನ ಮತ ರಾಲಿಗೇ.

ಬೋಥೆಲ್ ಭಟ್ರು

ಟಿಕೆಟ್ ವಿಷಯಕ್ಕೆ ಬರೋಣ. ನಾಲ್ಕನೇ ಮನೆಯವರು ಆಸ್ಟಿನ್‌ಗೆ ಹೊರಟರು. ಒಂದು ಪಾಲು ಖಾಲಿ ಇದೆ. ಮೂರನೇ ಬೇಸ್ ಕಡೆ, ಮೇಲಂತಸ್ತು, ಚಾವಣಿ ಮುಚ್ಚಿದರೆ ಮಳೆ ಇಲ್ಲ, ತೆರೆದರೆ ಸಂಜೆ ಬಿಸಿಲು ಕಣ್ಣಿಗೆ ಹೊಡೆಯೋದಿಲ್ಲ. ಲೈಟ್ ರೈಲಿನಿಂದ ಇಳಿದು ನಡ್ಕೊಂಡು ಹೋಗಬಹುದು. ಯಾಂಕೀಸ್ ಬರುವ ಪಂದ್ಯ ನನಗೇ, ಅದರಲ್ಲಿ ಚೌಕಾಸಿ ಇಲ್ಲ.

ಇಸ್ಸಾಕ್ವಾ ಅಮ್ಮ

ಆ ಪಾಲು ನಮಗೆ ಬರೆದುಕೊಳ್ಳಿ. ಭಾನುವಾರದ ಪಂದ್ಯಗಳು ಬೇಕು, ಮಗಳಿಗೆ ಶಾಲೆ ಇರಲ್ಲ.

ಹುಬ್ಬಳ್ಳಿ ಟು ರೆಡ್‌ಮಂಡ್

ಬ್ಲೂ ಜೇಸ್ ಬರೂ ಪಂದ್ಯ ಯಾರಾದ್ರೂ ನನಗ ಮಾರ್‍ರಿ. ವರ್ಷಾ ವರ್ಷಾ ವ್ಯಾಂಕೂವರ್ ಕಡಿಂದ ನೀಲಿ ಅಂಗಿ ದಂಡು ಬಂದು ನಮ್ಮ ಮನ್ಯಾಗ ನಮಗ ಜಾಗ ಇಲ್ಲದಂಗ ಮಾಡ್ತೈತಿ. ಗೌಡ್ರ, ನೀವೂ ಬರ್‍ರಿ, ಬಾಜೂಕ ಸೀಟು ಕೊಡಸ್ತೇನಿ. ಒಂದ ಷರತ್ತು, ಬಾಯಿ ಬಿಡಂಗಿಲ್ಲ.

ಟೊರಾಂಟೊ ಗೌಡ

ಬಾಯಿ ಮುಚ್ಕೊಂಡು ಕೂರೋದಾದ್ರೆ ನಮ್ಮ ಮನೆ ಸೋಫಾನೇ ಸಾಕು ಕಣಣ್ಣ. ಕೂಗಾಕೆ ಬುಡೋದಾದ್ರೆ ಹೇಳಿ, ಇವತ್ತೇ ವಿಮಾನದ ಟಿಕೆಟ್ ನೋಡ್ತೀನಿ. ಊಟ ಯಾರ ಮನೇಲಿ?